ಫ್ರೆಡ್ರಿಕ್ ಸೆರ್ಟ್ಯೂರ್ನರ್: ಅಫೀಮಿಗೆ ಅಳತೆ ಕಲಿಸಿದವನು

ನಾನು ಕಲಾವಿಭಾಗದ ವಿದ್ಯಾರ್ಥಿ. ಇತಿಹಾಸವೂ ಕನ್ನಡವೂ ನನ್ನ ಐಚ್ಛಿಕ ವಿಷಯಗಳು. ನನ್ನ ಊರು ಬಸವಕಲ್ಯಾಣ. ವಿದ್ಯಾಭ್ಯಾಸಕ್ಕಾಗಿ ಪ್ರತಿದಿನ ಬಸ್ಸಿನಲ್ಲಿ ಹುಮನಾಬಾದಿಗೆ ಬಂದುಹೋಗುವವನು. ಆದುದರಿಂದ ಈ ಸಂಚಿಕೆಗೆ ನಾನು ಕಲ್ಯಾಣದ ಕೋಟೆಯನ್ನು ಕುರಿತೋ, ಚಾಳುಕ್ಯ ವಿಕ್ರಮಾದಿತ್ಯನನ್ನು ಕುರಿತೋ ಬರೆಯುವೆನೆಂದು ಮಿತ್ರರು ಎಣಿಸಿದ್ದರೆ ಅದು ಸಹಜವೇ. ಆದರೆ ನಾನು ಜರ್ಮನಿಯ ಒಬ್ಬ ಔಷಧದ ಅಂಗಡಿಯವನ ಜೀವನಚರಿತ್ರೆಯನ್ನು ಬರೆಯಲು ಹೊರಟಿದ್ದೇನೆ. ರಸಾಯನಶಾಸ್ತ್ರವನ್ನು ನಾನು ಕಲಿತದ್ದು ಹತ್ತನೆಯ ತರಗತಿಯವರೆಗೆ ಮಾತ್ರ. ಹಾಗಿದ್ದೂ ಈ ಸಾಹಸಕ್ಕೆ ಕೈಹಾಕಲು ಒಂದು ಕಾರಣವುಂಟು. ಅದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ನನ್ನ ಮುತ್ತ್ಯಾ, ಎಂದರೆ ತಂದೆಯ ತಂದೆಯವರು, ನಿಜಾಮರ ಆಳಿಕೆಯ ಕಾಲದಲ್ಲಿ ಹುಟ್ಟಿದವರು. ಆಗ ನಮ್ಮ ಭಾಗದಲ್ಲಿ ಸರಕಾರದ ಪರವಾನಗಿ ಪಡೆದ ಅಂಗಡಿಗಳಲ್ಲಿ ಅಫೀಮು ದೊರೆಯುತ್ತಿತ್ತು. ಹೊಲಕ್ಕೆ ಹೋಗುವ ತಾಯಂದಿರು ಕೂಸು ಅಳದೆ ಮಲಗಲೆಂದು ಸಾಸಿವೆ ಕಾಳಿನಷ್ಟು ಅಫೀಮನ್ನು ಹಾಲಿನಲ್ಲಿ ತೇಯ್ದು ಕುಡಿಸುತ್ತಿದ್ದರಂತೆ. ಕೆಲವು ಕೂಸುಗಳು ಮಲಗಿದವು ಏಳಲೇ ಇಲ್ಲವೆಂದು ಮುತ್ತ್ಯಾ ಹೇಳುತ್ತಿದ್ದರು. ಮುದುಕರು ಸಂಜೆಯಾದರೆ ಗುಳಿಗೆ ನುಂಗಿ ಕಟ್ಟೆಯ ಮೇಲೆ ತೂಕಡಿಸುತ್ತ ಕುಳಿತಿರುತ್ತಿದ್ದುದನ್ನೂ ಅವರು ಕಂಡಿದ್ದರು. ಈ ಕಥೆಗಳನ್ನು ಕೇಳುತ್ತಲೇ ನಾನು ಬೆಳೆದೆ. ಅಫೀಮೆಂದರೆ ಮನೆ ಹಾಳುಮಾಡುವ ವಸ್ತುವೆಂಬ ಭಾವನೆ ನನ್ನಲ್ಲಿ ಬೇರೂರಿತ್ತು.

ಎಂಬತ್ತು ದಾಟಿದ ಮೇಲೆ ಮುತ್ತ್ಯಾ ಅವರಿಗೆ ದೊಡ್ಡ ಕರುಳಿನಲ್ಲಿ ಅರ್ಬುದರೋಗ ಕಾಣಿಸಿತು. ಗುಣವಾಗುವ ಹಂತ ಮೀರಿತ್ತು. ಕರುಳು ಊದಿಕೊಂಡು, ಸುತ್ತಲಿನ ಭಾಗವೆಲ್ಲ ಉರಿಯೂತದಿಂದ ಬೆಂದಂತಾಗಿತ್ತು. ವೈದ್ಯರು ಮಾರ್ಫಿನ್ ಮಾತ್ರೆಗಳನ್ನು ಬರೆದುಕೊಟ್ಟು, ನಾಲ್ಕು ಗಂಟೆಗೊಮ್ಮೆ ತಪ್ಪದೆ ಕೊಡಬೇಕೆಂದು ತಿಳಿಸಿದರು. ಮನೆಯಲ್ಲಿ ಓದಿದವನು ನಾನೊಬ್ಬನೇ. ಚೀಟಿಯನ್ನು ಓದಿ, ಅದು ಅಫೀಮಿನ ಸತ್ತ್ವವೆಂದು ತಿಳಿದು, ಚಟ ಹತ್ತೀತು, ಉಸಿರು ನಿಂತೀತು ಎಂದು ತಂದೆಯವರನ್ನು ಹೆದರಿಸಿದವನು ನಾನೇ. ಮುತ್ತ್ಯಾ ತಾಳಲಾರದೆ ಕೂಗಿಕೊಂಡಾಗ ಮಾತ್ರ ಅರ್ಧ ಮಾತ್ರೆ ಕೊಟ್ಟೆವು. ಹೀಗೆ ಒಂಬತ್ತು ದಿನಗಳು ಕಳೆದವು. ಹತ್ತನೆಯ ದಿನ ವೈದ್ಯರು ಮನೆಗೆ ಬಂದು ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, ಕೋಪಿಸಿಕೊಳ್ಳದೆ ತಿಳಿಸಿ ಹೇಳಿದರು. ಅಂದಿನಿಂದ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟೆವು. ಮುತ್ತ್ಯಾ ಇನ್ನೂ ಮೂರು ವಾರ ಬದುಕಿದರು. ಗೋಡೆಗೆ ಒರಗಿ ಕುಳಿತು ಅಂಬಲಿ ಕುಡಿದರು. ಹೊಲದ ವಿಚಾರ ಕೇಳಿದರು. ನನ್ನ ಪರೀಕ್ಷೆಯ ವಿಚಾರವನ್ನೂ ಕೇಳಿದರು. ಆ ಮೊದಲ ಒಂಬತ್ತು ದಿನಗಳು ಮಾತ್ರ ನನ್ನ ಲೆಕ್ಕದಲ್ಲಿ ತೀರದ ಸಾಲವಾಗಿ ಉಳಿದಿವೆ. ಆ ಮಾತ್ರೆಯನ್ನು ಲೋಕಕ್ಕೆ ಕೊಟ್ಟವನು ಯಾರೆಂದು ಹುಡುಕಿಕೊಂಡು ಹೋದಾಗ ದೊರೆತ ಚರಿತ್ರೆಯೇ ಇದು.

ಫ್ರೆಡ್ರಿಕ್ ವಿಲ್ಹೆಲ್ಮ್ ಆಡಮ್ ಸೆರ್ಟ್ಯೂರ್ನರನು 1783ನೆಯ ಇಸವಿ ಜೂನ್ 19ರಂದು ಜರ್ಮನಿಯ ಪಾಡರ್‌ಬೋರ್ನ್ ಪಟ್ಟಣದ ಬಳಿಯ ನಾಯ್‌ಹೌಸ್ ಎಂಬಲ್ಲಿ ಜನಿಸಿದನು. ತಂದೆತಾಯಿಗಳು ಆಸ್ಟ್ರಿಯ ದೇಶದ ಕಡೆಯವರು. ಆ ಸೀಮೆಯನ್ನು ಆಳುತ್ತಿದ್ದ ಧರ್ಮಾಧಿಪತಿಯ ಬಳಿಯಲ್ಲಿ ತಂದೆಯು ಭೂಮಿ ಅಳೆಯುವ, ಕಟ್ಟಡ ಕಟ್ಟಿಸುವ ಕೆಲಸದಲ್ಲಿದ್ದನು. ಮಗನೂ ಅದೇ ವಿದ್ಯೆಯನ್ನು ಕಲಿಯಬೇಕಾಗಿತ್ತು. ಆದರೆ ಹುಡುಗನು ಹದಿಹರೆಯದಲ್ಲಿರುವಾಗಲೇ ತಂದೆಯು ತೀರಿಕೊಂಡುದರಿಂದ ಸಂಸಾರಕ್ಕೆ ಆಸರೆ ತಪ್ಪಿತು. ವಿಶ್ವವಿದ್ಯಾನಿಲಯದ ಮಾತು ದೂರವೇ ಉಳಿಯಿತು. 1799ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಪಾಡರ್‌ಬೋರ್ನಿನ ಕ್ರಾಮರ್ ಎಂಬಾತನ ಔಷಧಶಾಲೆಯಲ್ಲಿ ಆತನು ಶಿಷ್ಯನಾಗಿ ಸೇರಿದನು. ಬೇರು ಕುಟ್ಟುವುದು, ಕಷಾಯ ಸೋಸುವುದು, ತಕ್ಕಡಿ ಹಿಡಿದು ತೂಗುವುದು ಇವೇ ಆತನ ಪಾಠಗಳು. 1803ರಲ್ಲಿ ಸಹಾಯಕನ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅಲ್ಲಿಯೇ ಕೆಲಸಕ್ಕೆ ನಿಂತನು.

ಆ ಕಾಲದ ವೈದ್ಯರ ಕೈಯಲ್ಲಿ ನೋವಿಗೆ ಇದ್ದ ಮುಖ್ಯ ಮದ್ದೆಂದರೆ ಅಫೀಮು. ಗಸಗಸೆ ಗಿಡದ ಹಸಿಕಾಯಿಯನ್ನು ಗೀರಿದರೆ ಒಸರುವ ಹಾಲು ಗಟ್ಟಿಯಾಗಿ ಅಫೀಮಾಗುತ್ತದೆ. ನಾವು ಹಬ್ಬದ ಪಾಯಸಕ್ಕೆ ಹಾಕುವ ಗಸಗಸೆ ಅದೇ ಗಿಡದ ಬೀಜ. ಬೀಜದಲ್ಲಿ ಆ ಸತ್ತ್ವವು ಇಲ್ಲವೆನ್ನುವಷ್ಟು ಅಲ್ಪ. ಅಫೀಮಿನ ದೊಡ್ಡ ದೋಷವೆಂದರೆ ಅದರ ಬಲವು ಎಂದೂ ಒಂದೇ ಸಮನಾಗಿರಲಿಲ್ಲ. ಒಂದು ಹೊಲದ ಅಫೀಮು ಸೌಮ್ಯ, ಇನ್ನೊಂದರದು ಉಗ್ರ. ಒಂದು ವರ್ಷದ್ದು ಶುದ್ಧ, ಮತ್ತೊಂದು ವರ್ಷದ್ದು ಕಲಬೆರಕೆ. ನಿನ್ನೆ ನೋವನ್ನು ತಣಿಸದ ಗುಳಿಗೆಯಷ್ಟೇ ಗಾತ್ರದ ಗುಳಿಗೆ ಇಂದು ರೋಗಿಯ ಉಸಿರನ್ನೇ ನಿಲ್ಲಿಸಬಹುದಾಗಿತ್ತು. ನಮ್ಮ ಊರುಗಳಲ್ಲಿ ಕೂಸುಗಳು ಏಳದೆ ಹೋದುದಕ್ಕೂ ಇದೇ ಒಂದು ಕಾರಣವಿರಬೇಕು. ಸಾಸಿವೆ ಕಾಳಿನ ಅಳತೆ ತಾಯಿಗೆ ಗೊತ್ತಿತ್ತು. ಆ ಕಾಳಿನೊಳಗಿನ ಬಲದ ಅಳತೆ ಆಕೆಗೆ ಗೊತ್ತಾಗುವಂತಿರಲಿಲ್ಲ.

ಈ ತೊಂದರೆಯನ್ನು ಅಂಗಡಿಯ ತಕ್ಕಡಿಯ ಮುಂದೆ ನಿಂತಿದ್ದ ಯುವಕನು ಗಮನಿಸಿದನು. ಅಫೀಮಿನಲ್ಲಿ ನಿದ್ರೆ ತರುವ ಒಂದೇ ಒಂದು ವಸ್ತು ಇರಬೇಕು, ಅದನ್ನು ಬೇರ್ಪಡಿಸಿದರೆ ಕರಾರುವಾಕ್ಕಾಗಿ ತೂಗಿ ಕೊಡಬಹುದು ಎಂಬುದು ಆತನ ಊಹೆ. ಹಗಲೆಲ್ಲ ಗಿರಾಕಿಗಳ ಕೆಲಸ. ಉಳಿದ ಬಿಡುವಿನಲ್ಲಿ ಪ್ರಯೋಗ. ಅಂಗಡಿಯ ಪಾತ್ರೆಗಳೇ ಆತನ ಪ್ರಯೋಗಶಾಲೆ. 1804-05ರ ಸುಮಾರಿಗೆ ಆತನು ಅಫೀಮನ್ನು ನೀರಿನಲ್ಲಿ ಕದಡಿ, ಸೋಸಿ, ಆ ದ್ರವಕ್ಕೆ ಅಮೋನಿಯ ಬೆರೆಸಿದನು. ತಳದಲ್ಲಿ ಬೂದುಬಣ್ಣದ ಹರಳುಗಳು ಕುಳಿತವು. ಅವನ್ನು ಆಮ್ಲದಲ್ಲಿ ಕರಗಿಸಿ, ಮದ್ಯಸಾರದಿಂದ ಶುದ್ಧಿಗೊಳಿಸಿದನು. ಆ ಹರಳನ್ನು ನಾಯಿಗಳಿಗೆ ತಿನ್ನಿಸಿದಾಗ ಅವು ಮಂಪರಿನಲ್ಲಿ ಬಿದ್ದವು. ಅಫೀಮಿನ ಉಳಿದ ಭಾಗಕ್ಕೆ ಆ ಶಕ್ತಿ ಇರಲಿಲ್ಲ. ಹುಡುಕುತ್ತಿದ್ದ ವಸ್ತು ಕೈಗೆ ಸಿಕ್ಕಿತ್ತು. ಆಗ ಆತನಿಗೆ ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ ಎಂಬುದನ್ನು ನನ್ನ ಸಹಪಾಠಿಗಳು ಗಮನಿಸಬೇಕು.

ಇಲ್ಲಿ ಇನ್ನೊಂದು ಆಶ್ಚರ್ಯವಿತ್ತು. ಗಿಡಮೂಲಿಕೆಗಳ ಸತ್ತ್ವಗಳೆಲ್ಲ ಆಮ್ಲಗಳೇ ಎಂದು ಅಂದಿನ ಪಂಡಿತರು ನಂಬಿದ್ದರು. ಈತನ ಹರಳು ಆಮ್ಲವಾಗಿರದೆ ಕ್ಷಾರದ ಗುಣವುಳ್ಳದ್ದಾಗಿತ್ತು; ಆಮ್ಲದೊಡನೆ ಕೂಡಿ ಲವಣವಾಗುತ್ತಿತ್ತು. ಪದವಿಯಿಲ್ಲದ ಅಂಗಡಿಯ ಹುಡುಗನೊಬ್ಬನು ಪಂಡಿತರ ನಂಬಿಕೆಗೆ ವಿರೋಧವಾಗಿ ಬರೆದರೆ ಕೇಳುವವರಾರು? 1805-06ರಲ್ಲಿ ಔಷಧಶಾಸ್ತ್ರದ ಒಂದು ಪತ್ರಿಕೆಯಲ್ಲಿ ಆತನ ಬರಹಗಳು ಅಚ್ಚಾದರೂ ಯಾರೂ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಫ್ರಾನ್ಸಿನಲ್ಲಿ ಡೆರೋನ್, ಸೆಗ್ಯಾಂ ಎಂಬವರೂ ಅದೇ ಕಾಲದಲ್ಲಿ ಅಫೀಮನ್ನು ಪರೀಕ್ಷಿಸುತ್ತಿದ್ದರು. ಆದರೆ ದೊರೆತ ವಸ್ತುವಿನ ನಿಜವಾದ ಸ್ವರೂಪವನ್ನು ಮೊದಲು ಅರಿತವನು ಸೆರ್ಟ್ಯೂರ್ನರನೇ.

1806ರಲ್ಲಿ ಆತನು ಐನ್‌ಬೆಕ್ ಎಂಬ ಊರಿಗೆ ಹೋದನು. ಅಲ್ಲಿ ಫ್ರೆಂಚರ ಆಡಳಿತದ ಕಾಲದಲ್ಲಿ, 1809ರಲ್ಲಿ, ಸ್ವಂತ ಔಷಧಶಾಲೆಯನ್ನು ತೆರೆದನು. ನೆಪೋಲಿಯನ್ನನು ಸೋತು ಆಡಳಿತ ಬದಲಾದ ಮೇಲೆ ಆತನ ಪರವಾನಗಿಗೇ ಸಂಚಕಾರ ಬಂದಿತು. ವ್ಯಾಜ್ಯಗಳಲ್ಲಿ ವರ್ಷಗಳು ಕಳೆದವು. ರಾಜ್ಯ ಬದಲಾದಾಗ ಸಾಮಾನ್ಯನ ಕಾಗದಪತ್ರಗಳು ಏನಾಗುತ್ತವೆಂಬುದು 1948ನ್ನೂ 1956ನ್ನೂ ಕಂಡ ನಮ್ಮ ಬೀದರ ಜಿಲ್ಲೆಯ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಕಷ್ಟಗಳ ನಡುವೆಯೂ ಆತನು ತನ್ನ ಹರಳನ್ನು ಮರೆಯಲಿಲ್ಲ. ನಾಯಿಗಳ ಸಾಕ್ಷ್ಯ ಸಾಲದೆಂದು ತನ್ನನ್ನೂ, ಹದಿನೇಳು ದಾಟದ ಮೂವರು ತರುಣರನ್ನೂ ಪರೀಕ್ಷೆಗೆ ಒಡ್ಡಿದನು. ಪ್ರತಿಯೊಬ್ಬರೂ ಅರ್ಧ ಗ್ರೇನ್, ಎಂದರೆ ಸುಮಾರು 30 ಮಿಲಿಗ್ರಾಂ, ಮದ್ಯಸಾರ ಬೆರೆತ ನೀರಿನಲ್ಲಿ ಕುಡಿದರು. ಮುಖ ಕೆಂಪೇರಿತು. ಅರ್ಧ ಗಂಟೆಯ ಮೇಲೆ ಮತ್ತೆ ಅಷ್ಟೇ. ಕಾಲು ಗಂಟೆ ಕಳೆದು ಇನ್ನೊಮ್ಮೆ. ಒಂದು ಗಂಟೆಯೊಳಗೆ ನಾಲ್ವರೂ ಪ್ರಜ್ಞೆ ತಪ್ಪುವ ಸ್ಥಿತಿಗೆ ಬಂದರು. ಗಾಬರಿಗೊಂಡ ಸೆರ್ಟ್ಯೂರ್ನರನು ತೀಕ್ಷ್ಣವಾದ ವಿನೆಗರ್ ಕುಡಿಸಿ ವಾಂತಿಮಾಡಿಸಿದುದರಿಂದ ಜೀವಗಳು ಉಳಿದವು. ಇಂದು ವೈದ್ಯರು ಹೊಸ ರೋಗಿಗೆ ಬಾಯಿಯ ಮೂಲಕ ಕೊಡುವ ಮೊದಲ ಪ್ರಮಾಣ ಸಾಮಾನ್ಯವಾಗಿ 5ರಿಂದ 10 ಮಿಲಿಗ್ರಾಂ. ಇವರು ಒಂದು ಗಂಟೆಯೊಳಗೆ ಸುಮಾರು 90 ಮಿಲಿಗ್ರಾಂ ಕುಡಿದಿದ್ದರು. ಎಳೆಯರನ್ನು ಇಂಥ ಅಪಾಯಕ್ಕೆ ಒಡ್ಡಿದುದನ್ನು ಈ ಕಾಲದವರು ಒಪ್ಪಲಾರರು, ನಾನೂ ಒಪ್ಪಲಾರೆ. ಆದರೆ ಅಳತೆಯ ಮಹತ್ತ್ವವನ್ನು ಆತನು ಮೈಯಿಂದಲೇ ಕಲಿತನೆಂಬುದು ನಿಜ.

1817ರಲ್ಲಿ ಈ ವಿವರಗಳನ್ನೆಲ್ಲ ಸೇರಿಸಿ ಮತ್ತೊಂದು ಲೇಖನವನ್ನು ಪ್ರಕಟಿಸಿದನು. ಗ್ರೀಕರ ಪುರಾಣದ ಸ್ವಪ್ನದೇವತೆ ಮಾರ್ಫಿಯಸ್‌ನ ಹೆಸರಿನ ಮೇಲೆ ತನ್ನ ಹರಳನ್ನು ಮಾರ್ಫಿಯಂ ಎಂದು ಕರೆದನು. ಪ್ಯಾರಿಸಿನ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಗೇ-ಲುಸಾಕನು ಅದನ್ನು ಓದಿ, ಅದರ ಮಹತ್ತ್ವವನ್ನು ಅರಿತು, ಫ್ರೆಂಚ್ ಭಾಷೆಗೆ ತರಿಸಿದನು; ಮಾರ್ಫಿನ್ ಎಂಬ ಹೆಸರು ಬಳಕೆಗೆ ಬಂದಿತು. ಅದೇ ವರ್ಷ ಯೇನಾ ವಿಶ್ವವಿದ್ಯಾನಿಲಯವು ಆತನಿಗೆ ಡಾಕ್ಟರ್ ಪದವಿಯನ್ನು ನೀಡಿತು. ಆತನು ತೋರಿದ ದಾರಿಯಲ್ಲಿ ನಡೆದ ಫ್ರಾನ್ಸಿನ ಪೆಲ್ಟಿಯೇ, ಕಾವಾಂಟು ಎಂಬವರು 1820ರಲ್ಲಿ ಸಿಂಕೋನ ತೊಗಟೆಯಿಂದ ಕ್ವಿನೈನನ್ನು ತೆಗೆದರು. ಮಲೇರಿಯಾ ಜ್ವರದಿಂದ ನರಳಿದ ನಮ್ಮ ದೇಶವು ಆ ಉಪಕಾರವನ್ನು ಮರೆಯುವಂತಿಲ್ಲ.

1820ರಲ್ಲಿ ಸೆರ್ಟ್ಯೂರ್ನರನು ಹಾಮೆಲ್ನ್ ಪಟ್ಟಣಕ್ಕೆ ಬಂದನು. ಈ ಊರು ನಮಗೆ ಅಪರಿಚಿತವಲ್ಲ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗೆ ಮೂಲವಾದ ಇಲಿಗಳ ಕಥೆ ನಡೆದದ್ದು ಈ ಊರಿನಲ್ಲಿಯೇ. ಅಲ್ಲಿ ಔಷಧಶಾಲೆಯನ್ನು ನಡೆಸುತ್ತ, ಮದುವೆಯಾಗಿ, ಸಂಸಾರವಂದಿಗನಾಗಿ ಬಾಳಿದನು. 1831ರಲ್ಲಿ ಫ್ರಾನ್ಸಿನ ವಿದ್ವತ್ಸಂಸ್ಥೆಯು 2000 ಫ್ರಾಂಕುಗಳ ಬಹುಮಾನವನ್ನಿತ್ತು ಗೌರವಿಸಿತು. ಅದೇ ಸಮಯದಲ್ಲಿ ಯೂರೋಪಿಗೆ ಕಾಲರಾ ಹರಡಿತು. ಆ ರೋಗಕ್ಕೆ ಕಾರಣ ಕೆಟ್ಟ ಗಾಳಿಯಲ್ಲ, ತನ್ನಷ್ಟಕ್ಕೆ ತಾನೇ ವೃದ್ಧಿಯಾಗುವ ಒಂದು ಜೀವಂತ ವಿಷವೆಂದು ಸೆರ್ಟ್ಯೂರ್ನರನು ಬರೆದನು. ಈ ಮಾತಿಗೂ ಆಗ ಬೆಲೆ ಬರಲಿಲ್ಲ. ಕೊನೆಯ ವರ್ಷಗಳಲ್ಲಿ ಸಂಧಿವಾತದ ನೋವಿನಿಂದ ಬಳಲಿ, 1841ರ ಫೆಬ್ರವರಿ 20ರಂದು ಹಾಮೆಲ್ನ್‌ನಲ್ಲಿ ತೀರಿಕೊಂಡನು. ಆತನ ಸಮಾಧಿಯು ಐನ್‌ಬೆಕ್‌ನಲ್ಲಿದೆ.

ಚರಿತ್ರೆಯು ಇಲ್ಲಿಗೆ ಮುಗಿಯಬೇಕು. ಆದರೆ ಆತನ ಹರಳಿನ ಚರಿತ್ರೆಯು ಆತನೊಡನೆ ಮುಗಿಯಲಿಲ್ಲ. 1827ರಿಂದಲೇ ಜರ್ಮನಿಯ ಮೆರ್ಕ್ ಎಂಬವನು ಮಾರ್ಫಿನನ್ನು ವ್ಯಾಪಾರಕ್ಕಾಗಿ ತಯಾರಿಸತೊಡಗಿದ್ದನು. 1853ರಲ್ಲಿ ಎಡಿನ್‌ಬರೋದ ವೈದ್ಯ ಅಲೆಗ್ಸಾಂಡರ್ ವುಡ್ಡನು ಸೂಜಿಯ ಮೂಲಕ ಅದನ್ನು ನೋವಿರುವ ಜಾಗದ ನರದ ಬಳಿಗೇ ಚುಚ್ಚಿದನು. ಮದ್ದು ಆ ಸ್ಥಳದ ನರವನ್ನೇ ಶಮನಗೊಳಿಸುತ್ತದೆಂದು ಆತನು ತಿಳಿದಿದ್ದನು. ಆದರೆ ಎಲ್ಲಿ ಚುಚ್ಚಿದರೂ ಅದು ರಕ್ತದೊಡನೆ ಹರಿದು ಕೆಲಸಮಾಡುತ್ತದೆಂದು ಲಂಡನ್ನಿನ ಚಾರ್ಲ್ಸ್ ಹಂಟರನು ಕೆಲವೇ ವರ್ಷಗಳಲ್ಲಿ ತೋರಿಸಿದನು. ಮಾರ್ಫಿನ್ನಿನ ಕೆಲಸವೆಲ್ಲ ಮಿದುಳು ಮತ್ತು ಬೆನ್ನುಹುರಿಗಳಲ್ಲಿಯೇ ಎಂಬ ಅಭಿಪ್ರಾಯವು ನೂರು ವರ್ಷಕ್ಕೂ ಮಿಕ್ಕಿ ಗಟ್ಟಿಯಾಗಿ ನಿಂತಿತು. ನಾನು ಹೆದರಿದ್ದೂ ಇದೇ ತಿಳಿವಳಿಕೆಯಿಂದ. ಬುದ್ಧಿಯನ್ನು ಮಂಕುಮಾಡಿಯೇ ಅದು ನೋವನ್ನು ಮರೆಸುತ್ತದೆಂದು ನಾನು ಭಾವಿಸಿದ್ದೆ.

1973ರಲ್ಲಿ ಅಮೆರಿಕ ಮತ್ತು ಸ್ವೀಡನ್ನಿನ ವಿಜ್ಞಾನಿಗಳು ಮಿದುಳಿನಲ್ಲಿ ಮಾರ್ಫಿನ್ ಬಂದು ಕೂಡುವ ಗ್ರಾಹಕಗಳಿವೆಯೆಂದು ತೋರಿಸಿದರು. ಬೀಗಕ್ಕೆ ಬೀಗದಕೈ ಇದ್ದಂತೆ ಈ ಗ್ರಾಹಕಕ್ಕೆ ಈ ಮದ್ದು. ಗಸಗಸೆಯ ಹಾಲಿಗೆ ತಕ್ಕ ಬೀಗವು ಮನುಷ್ಯನ ಮೈಯಲ್ಲಿ ಏಕಿರಬೇಕು? ಮೈಯೇ ಅಂಥ ಬೀಗದಕೈಗಳನ್ನು ತಯಾರಿಸುತ್ತದೆ ಎಂಬುದು ಉತ್ತರ. 1975ರಲ್ಲಿ ಸ್ಕಾಟ್‌ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಸ್ ಎಂಬವರು ಹಂದಿಯ ಮಿದುಳಿನಿಂದ ಅಂಥ ವಸ್ತುವನ್ನು ಬೇರ್ಪಡಿಸಿದರು. ಅದರ ಬಲವನ್ನು ಅಳೆಯಲು ಅವರು ಬಳಸಿದ ಸಾಧನಗಳಲ್ಲಿ ಗಿನಿಯಿಲಿಯ ಕರುಳಿನ ತುಂಡೂ ಒಂದು. ಕರುಳಿನ ನರಗಳಲ್ಲಿಯೂ ಅದೇ ಗ್ರಾಹಕಗಳಿವೆ. ಮಾರ್ಫಿನ್ ತೆಗೆದುಕೊಂಡವರಿಗೆ ಮಲಬದ್ಧತೆಯಾಗುವುದು ಇದರಿಂದಲೇ.

ಮುಂದಿನದು ಇನ್ನೂ ವಿಚಿತ್ರ. 1979ರಲ್ಲಿ ಬ್ರೆಜಿಲ್ ದೇಶದ ಫೆರೇರ ಮತ್ತು ಆತನ ಜೊತೆಗಾರರು ಇಲಿಯ ಊದಿದ ಪಾದಕ್ಕೆ ಸ್ವಲ್ಪವೇ ಮಾರ್ಫಿನ್ ಕೊಟ್ಟು, ಅದು ಅಲ್ಲಿಯೇ ನೋವನ್ನು ತಗ್ಗಿಸುವುದನ್ನು ತೋರಿಸಿದರು. ಜರ್ಮನಿಯ ಕ್ರಿಸ್ಟಾಫ್ ಸ್ಟೈನ್ ಮತ್ತು ಸಂಗಡಿಗರು 1991ರಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದವರ ಕೀಲಿನೊಳಗೆ ಕೇವಲ 1 ಮಿಲಿಗ್ರಾಂ ಮಾರ್ಫಿನ್ ಕೊಟ್ಟಾಗ ನೋವು ಕಡಮೆಯಾಯಿತು. ಅಷ್ಟೇ ಪ್ರಮಾಣವನ್ನು ರಕ್ತನಾಳಕ್ಕೆ ಕೊಟ್ಟಾಗ ಆ ಫಲ ದೊರೆಯಲಿಲ್ಲ. ಕೈಬಿಟ್ಟಿದ್ದ ವುಡ್ಡನ ಊಹೆಯಲ್ಲಿ ಒಂದಂಶ ಸತ್ಯವಿತ್ತೆಂದು ಹೀಗೆ ಗೊತ್ತಾಯಿತು. ಆದರೆ ಒಂದು ನಿಬಂಧನೆಯುಂಟು: ಆ ಜಾಗದಲ್ಲಿ ಉರಿಯೂತವಿರಬೇಕು.

ಅದೇಕೆಂದು ವೈದ್ಯರು ನನಗೆ ವಿವರಿಸಿದ ರೀತಿ ಹೀಗಿದೆ. ನಮ್ಮ ಒಳ ಅಂಗಗಳು ಕತ್ತರಿಸಿದರೆ ಅಷ್ಟಾಗಿ ನೋಯುವುದಿಲ್ಲ. ಹಿಗ್ಗಿದರೆ, ರಕ್ತ ನಿಂತರೆ, ಉರಿಯೂತವಾದರೆ ಬಹಳವಾಗಿ ನೋಯುತ್ತವೆ. ಅಲ್ಲಿನ ಸುದ್ದಿಯನ್ನು ಒಯ್ಯುವ ಸಂವೇದನಾ ನರಗಳ ಬುಡವು ಬೆನ್ನುಹುರಿಯ ಪಕ್ಕದ ಗಂಟುಗಳಲ್ಲಿದೆ. ಗ್ರಾಹಕಗಳು ತಯಾರಾಗುವುದು ಆ ಬುಡದಲ್ಲಿ. ಉರಿಯೂತವಾದಾಗ ಅವು ಹೆಚ್ಚಾಗಿ ನರದ ತುದಿಯವರೆಗೆ ಸಾಗಿಬರುತ್ತವೆ. ನರವನ್ನು ಸುತ್ತಿದ ಪೊರೆಯೂ ಸಡಿಲವಾಗಿ ಮದ್ದಿಗೆ ದಾರಿಬಿಡುತ್ತದೆ. ಅಲ್ಲಿಗೆ ಧಾವಿಸಿದ ಬಿಳಿಯ ರಕ್ತಕಣಗಳು ಮೈಯ ಸ್ವಂತ ನೋವುನಿವಾರಕವಾದ ಎಂಡಾರ್ಫಿನನ್ನು ಹೊತ್ತುತರುತ್ತವೆ. ಗ್ರಾಹಕಕ್ಕೆ ಬೀಗದಕೈ ಸೇರಿದೊಡನೆ ನರದ ತುದಿಯೊಳಕ್ಕೆ ಕ್ಯಾಲ್ಸಿಯಂ ನುಗ್ಗುವುದು ತಗ್ಗುತ್ತದೆ, ಪೊಟ್ಯಾಸಿಯಂ ಹೊರಹರಿಯುತ್ತದೆ. ಕೆರಳಿದ ನರವು ಶಾಂತವಾಗುತ್ತದೆ. ಉರಿಯನ್ನು ಹೆಚ್ಚಿಸುವ ರಸಗಳನ್ನು ಅದು ಸುರಿಸುವುದೂ ಕಡಮೆಯಾಗುತ್ತದೆ. ದೊಡ್ಡ ಕರುಳು ಹಿಗ್ಗಿದಾಗ ಕೂಗುವ ಇಲಿಯ ನರಗಳು ಈ ಜಾತಿಯ ಕೆಲವು ಮದ್ದುಗಳಿಂದ ಸುಮ್ಮನಾಗುವುದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಮಿದುಳನ್ನು ಮುಟ್ಟದೆ, ನೊಂದ ಅಂಗದ ನರಗಳನ್ನಷ್ಟೇ ಸಂತೈಸುವ ಮದ್ದುಗಳಿಗಾಗಿ ಹುಡುಕಾಟ ನಡೆದಿದೆ. ಹಾಗೆಂದು ಹೊಟ್ಟೆನೋವಿಗೆಲ್ಲ ಮಾರ್ಫಿನ್ ಮದ್ದಲ್ಲ. ಗುಣವಾಗಬಲ್ಲ ಕರುಳಿನ ಬೇನೆಗಳಲ್ಲಿ ಅದನ್ನು ಬಹುಕಾಲ ಕೊಟ್ಟರೆ ಕೆಡುಕೇ ಹೆಚ್ಚು. ಬಾಯಿಯಿಂದ ಕೊಟ್ಟ ಮಾತ್ರೆ ಮಿದುಳನ್ನೂ ಮುಟ್ಟದೆ ಬಿಡುವುದಿಲ್ಲ. ಅದನ್ನು ಅಳೆದು ಕೊಡುವುದೇ ವೈದ್ಯನ ವಿದ್ಯೆ.

ಅಫೀಮಿನ ಕೇಡನ್ನು ನಾನು ಅಲ್ಲಗಳೆಯುವುದಿಲ್ಲ. 1874ರಲ್ಲಿ ಮಾರ್ಫಿನ್ನಿನಿಂದಲೇ ಹೆರಾಯಿನ್ ಹುಟ್ಟಿತು. ನಮ್ಮ ಕಾಲದಲ್ಲಿ ಅಮೆರಿಕದಲ್ಲಿ ಈ ಜಾತಿಯ ಮಾತ್ರೆಗಳನ್ನು ಮಿತಿಯಿಲ್ಲದೆ ಬರೆದುಕೊಟ್ಟುದರಿಂದ ಲಕ್ಷಾಂತರ ಮನೆಗಳು ಹಾಳಾದವು. ನಮ್ಮ ದೇಶದಲ್ಲಿ ಕಂಡದ್ದು ಇದರ ವಿಪರೀತ. ಸರಕಾರದ ಪರವಾನಗಿಯಿಂದ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಗಸಗಸೆ ಬೆಳೆಯುತ್ತದೆ. ಗಾಜೀಪುರ ಮತ್ತು ನೀಮಚ್‌ಗಳಲ್ಲಿ ಸರಕಾರದ ಅಫೀಮು ಕಾರ್ಖಾನೆಗಳಿವೆ. ಹಾಗಿದ್ದೂ 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡಲು ಹಿಂಜರಿದವು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಆದರೆ ಮನೆಮನೆಯೊಳಗಿನ ಭಯಕ್ಕೆ ತಿದ್ದುಪಡಿ ತರುವವರು ಯಾರು? ನನ್ನ ಮನೆಯಲ್ಲಿ ಮಾತ್ರೆ ಇತ್ತು, ಚೀಟಿ ಇತ್ತು. ಅಡ್ಡನಿಂತದ್ದು ಓದಿದವನೆನಿಸಿಕೊಂಡ ನಾನು.

ಕಾಯಕವನ್ನು ಪೂಜೆಯೆಂದು ಭಾವಿಸಿದ ಶರಣರು ನಡೆದಾಡಿದ ಊರು ನನ್ನದು. ಬೇರು ಕುಟ್ಟುತ್ತ, ತಕ್ಕಡಿ ಹಿಡಿದು ನಿಂತು, ಕೈಯ ಕೆಲಸವನ್ನೇ ಶ್ರದ್ಧೆಯಿಂದ ನೋಡಿ ಲೋಕದ ನೋವನ್ನು ತಗ್ಗಿಸಿದ ಆ ತರುಣನು ನನಗೆ ಪರದೇಶಿಯಾಗಿ ಕಾಣುವುದಿಲ್ಲ. ವಿಷವನ್ನೂ ಮದ್ದನ್ನೂ ಬೇರೆ ಮಾಡುವುದು ಅಳತೆಯೊಂದೇ ಎಂಬುದನ್ನು ಆತನ ಬಾಳಿನಿಂದ ನಾನು ಕಲಿತೆ. ಆದರೆ ತಡವಾಗಿ ಕಲಿತೆ. ಮಿತ್ರರೇ, ನಿಮ್ಮ ಮನೆಯ ಹಿರಿಯರೊಬ್ಬರ ಹಾಸಿಗೆಯ ಬಳಿ ನೀವು ಚೀಟಿ ಓದಬೇಕಾದ ದಿನ ಬಂದರೆ, ಭಯವನ್ನು ಕೇಳುವ ಮೊದಲು ವೈದ್ಯರನ್ನು ಕೇಳಿರಿ. ಇಷ್ಟನ್ನು ಹೇಳುವುದಕ್ಕಾಗಿಯೇ ಇಷ್ಟು ದೂರದ ಚರಿತ್ರೆಯನ್ನು ಬರೆದೆ.